ಒಂದು ತಾಸಿನ ವಿಧವೆ

ಕಾರ್ಗಿಲ್ ಯುದ್ಧ ನಡೆಯುತ್ತಿದ್ದ ಆ ಬೇಸಗೆಯಲ್ಲಿ ಗುಜರಾತಿನ ಚಾಂದ್‌ಖೇಡಾದ ಆ ಮನೆಯಲ್ಲಿ ಯಾರೂ ತಟ್ಟೆ ನೋಡಿ ಉಣ್ಣುತ್ತಿರಲಿಲ್ಲ, ಟಿ.ವಿ. ನೋಡಿ ಉಣ್ಣುತ್ತಿದ್ದರು. ವಿಮಾನದಿಂದ ಶವಪೆಟ್ಟಿಗೆ ಇಳಿಯುವುದು ಕಂಡರೆ ಮಂಚದ ಮೇಲೆ ಕೂತ ಮುದುಕಿ ರುಕ್ಮಿಣಿ ಬಾಯೊಳಗಿನ ತುತ್ತು ನುಂಗುವುದನ್ನೂ ಮರೆಯುತ್ತಿದ್ದಳು.

"ನೋಡ್ರಿ, ಇವರ ಹೆಣಾ ಮನೀಮಟಾ ತಂದು ಕೊಡಾಕತ್ತಾರ," ಎಂದಳು ಆ ದಿನವೂ. "ನನ್ನ ಜನಾರ್ದನಂದು ಒಂದ್ ಟ್ರಂಕ್ ಬಂತು. ಒಳಗ ಎರಡ ಅಂಗಿ, ದಾಡಿ ಮಾಡ್ಕೊಳ್ಳೋ ಸಾಮಾನು. ಅದನ್ನ ಇಟ್ಕೊಂಡ ನಾ ಅತ್ತಿದ್ದು."

ಅಡಿಗೆಮನೆಯಲ್ಲಿ ಸೊಸೆ ಪಾರ್ವತಿ ರೊಟ್ಟಿ ಬಡಿಯುತ್ತಿದ್ದಳು. ನೆಲದ ಮೇಲೆ ಕೂತು ಉಣ್ಣುತ್ತಿದ್ದ ಅವಳ ಗಂಡ ಬಾಲಚಂದ್ರ, ಎಣ್ಣೆ ಕಂಪನಿಯ ಸ್ಟೋರ್ ಕೀಪರ್, ಶೇಂಗಾ ಹಿಂಡಿ ಚಟ್ನಿಗೆ ಮೊಸರು ಕಲಸುತ್ತ ತಲೆ ತಗ್ಗಿಸಿಯೇ ಇದ್ದ. ಗೋಡೆಯ ಮೇಲೆ ಗಂಧದ ಮಾಲೆ ಹಾಕಿಸಿಕೊಂಡ ಜನಾರ್ದನ, ಸೈನ್ಯದ ಟೋಪಿಯಲ್ಲಿ, ಎಲ್ಲರ ತಲೆಯ ಮೇಲಿಂದ ಎದುರಿನ ಕಿಟಕಿಯನ್ನು ನೋಡುತ್ತಿದ್ದ. ಬಾಂಗ್ಲಾ ಯುದ್ಧದಲ್ಲಿ ಸತ್ತಾಗ ಅವನಿಗೆ ಇಪ್ಪತ್ತನಾಲ್ಕು ವರ್ಷ. ಈಗ ಅವನ ಕೆಳಗೆ ಕೂತು ಉಣ್ಣುತ್ತಿದ್ದ ತಮ್ಮನ ತಲೆ ಪೂರ್ತಿ ನೆರೆತಿತ್ತು.

ಕಿಶೋರ್ ಸ್ಕೂಟರ್ ನಿಲ್ಲಿಸಿ ಚಪ್ಪಲಿ ಬಿಡುತ್ತಲೇ ಕೂಗಿಕೊಂಡು ಬಂದ. "ಆಯಿ! ಹಸ್ಮುಖ್‌ಭಾಯಿ ಸಿಕ್ಕಿದ್ರು. ನಮ್ಮ ಸೊಸೈಟಿಯೊಳಗ ಶಹೀದರ ಕಾರ್ಯಕ್ರಮ ಮಾಡ್ತಾರಂತ. ಅಪ್ಪನ ಹೆಸರು ಗೇಟಿಗೆ ಇಡತಾರಂತ. ನಾಳೆ ಮನೀಗೇ ಬರ್ತಾರ."

ರುಕ್ಮಿಣಿ ಮಂಚದಿಂದ ಇಳಿದು ಬಂದು ಮೊಮ್ಮಗನ ಕೆನ್ನೆ ನೇವರಿಸಿ ನೆಟಿಕೆ ಮುರಿದಳು. ಬಾಲಚಂದ್ರ ಎದ್ದು ಕೈ ತೊಳೆಯಲು ಹೋದ. ಅವನ ತಟ್ಟೆಯಲ್ಲಿ ಅರ್ಧ ರೊಟ್ಟಿ ಉಳಿದಿತ್ತು.

ಕಿಶೋರನಿಗೆ ಆ ಸುದ್ದಿ ಎಷ್ಟು ದೊಡ್ಡದೆಂದು ಪಾರ್ವತಿಗೆ ಗೊತ್ತಿತ್ತು. ಅಪ್ಪ ಸತ್ತು ಎರಡು ತಿಂಗಳಿಗೆ ಹುಟ್ಟಿದ ಮಗ. ನರೋಡಾದ ಕಾರ್ಖಾನೆಯಲ್ಲಿ ಅವನನ್ನು 'ಮದ್ರಾಸಿ' ಎಂದೇ ಕರೆಯುತ್ತಿದ್ದರು. ಬೆಳಗಾವಿ ಮದ್ರಾಸಿನಲ್ಲಿಲ್ಲ ಎಂದು ಹೇಳಿ ಹೇಳಿ ಸೋತಿದ್ದ. ಈ ಯುದ್ಧ ಶುರುವಾದ ಮೇಲೆ, ಅವನ ತಂದೆ ಯುದ್ಧದಲ್ಲಿ ಮಡಿದ ಶಹೀದ್ ಎಂದು ಹೇಗೋ ಅಲ್ಲಿ ಗೊತ್ತಾದ ಮೇಲೆ, ಫೋರ್‌ಮನ್ ಎದ್ದು ಬಂದು ಕೈ ಕುಲುಕಿದ್ದನಂತೆ.

ಮರುದಿನ ಹಸ್ಮುಖ್‌ಭಾಯಿ ಬಂದರು. ಆ ಬಡಾವಣೆಯ ಸೊಸೈಟಿಯ ಅಧ್ಯಕ್ಷರು, ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ, ತುಂಬ ಮೆದುಮಾತಿನ ಮನುಷ್ಯ. ಚಪ್ಪಲಿ ಬಿಟ್ಟು ಫೋಟೋಕ್ಕೆ ಕೈ ಮುಗಿದರು. ರುಕ್ಮಿಣಿ ತನಗೆ ಬರುವಷ್ಟು ಹಿಂದಿಯಲ್ಲಿ ಎಲ್ಲ ಹೇಳಿದಳು. ತನ್ನ ಗಂಡ ಗುಂಡಪ್ಪ ಬ್ರಿಟಿಷರ ಸೈನ್ಯದಲ್ಲಿ ಬರ್ಮಾ ಯುದ್ಧಕ್ಕೆ ಹೋಗಿದ್ದು, ತಿರುಗಿ ಬಂದ ಮೇಲೆ ಸೂರಿನ ಕೆಳಗೆ ಮಲಗಲಾರದೆ ಸಾಯುವ ತನಕ ಅಂಗಳದಲ್ಲೇ ಮಲಗಿದ್ದು. ತನ್ನ ಒಡಹುಟ್ಟಿದ ತಮ್ಮ ಬಾಲಕೃಷ್ಣ ಚೀನಾ ಯುದ್ಧದಲ್ಲಿ ಹಿಮದೊಳಗೆ ಹೋದವನು ಇನ್ನೂ ಸಿಕ್ಕಿಲ್ಲದ್ದು. ಹೆಣ ನೋಡಿಲ್ಲವೆಂದು ಅವನ ಹೆಂಡತಿ ತಾರಾ ಇವತ್ತಿಗೂ ಬೈಲಹೊಂಗಲದಲ್ಲಿ ಕುಂಕುಮ ಇಟ್ಟುಕೊಂಡು ಕೂತಿರುವುದು. ಕೊನೆಗೆ ಜನಾರ್ದನ.

ಹಸ್ಮುಖ್‌ಭಾಯಿ ಕಣ್ಣೊರೆಸಿಕೊಂಡರು. "ಮತ್ತೆ ಅವರ ಪತ್ನಿ? ಊರಲ್ಲಿದ್ದಾರೆಯೇ?"

ಆಗಲೇ ಪಾರ್ವತಿ ಚಹಾದ ತಟ್ಟೆ ಹಿಡಿದು ಹೊರಗೆ ಬಂದಳು. ಕಿಶೋರ್, "ಇವರೇ. ನನ್ನ ಮಮ್ಮಿ," ಎಂದ.

ಅವರು ಅವಳ ಹಣೆ ನೋಡಿದರು, ಕೊರಳು ನೋಡಿದರು, ಮೂಲೆಯಲ್ಲಿ ಕೂತಿದ್ದ ಬಾಲಚಂದ್ರನನ್ನು ನೋಡಿದರು. ಆಮೇಲೆ ಚಹಾ ಬಹಳ ಚೆನ್ನಾಗಿದೆ ಎಂದರು.

ಒಂದು ವಾರ ಆ ಮಾತು ಅಲ್ಲಿಗೇ ನಿಂತಿತ್ತು. ಮೊದಲ ಮಳೆ ಬಿದ್ದು ಸೊಸೈಟಿಯ ರಸ್ತೆ ಕೆಸರಾಯಿತು. ಒಂದು ಸಂಜೆ ಕಿಶೋರ್ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತ. ಚಿಕ್ಕವನಿದ್ದಾಗ ಪೆಟ್ಟು ತಿನ್ನುವ ಕೆಲಸ ಮಾಡಿ ಬಂದರೆ ಹಾಗೆಯೇ ನಿಲ್ಲುತ್ತಿದ್ದ.

"ಅವ್ವಾ, ಸಿಟ್ಟ ಆಗಬ್ಯಾಡ."

"ಮೊದಲ ಹೇಳು."

"ಹಸ್ಮುಖ್‌ಭಾಯಿ ಅಂದ್ರು, ಸ್ಟೇಜಿನ ಮ್ಯಾಗ ಶಹೀದನ ಹೆಂಡತಿ ಅಂತ ಕರದಾಗ ಕೊರಳಾಗ ತಾಳಿ, ಹಣಿಗೆ ಕುಂಕುಮ ಇದ್ರ ಮಂದಿಗೆ ಸಮಾ ಕಾಣಂಗಿಲ್ಲ ಅಂತ. ಪೇಪರಿನವರೂ ಬರ್ತಾರ."

"ಅದಕ್ಕ?"

"ಒಂದ್ ತಾಸಿಂದ ಮಾತು. ಬಿಳೇ ಸೀರಿ ಉಟ್ಕೊಂಡು ಬಾ. ಮನೀಗೆ ಬಂದ ಮ್ಯಾಲ ಮತ್ತ ಹಾಕ್ಕೊಳ್ಳೀಯಂತ."

ತವೆಯ ಮೇಲಿನ ರೊಟ್ಟಿ ಸೀಯತೊಡಗಿತು. ಪಾರ್ವತಿ ಅದನ್ನು ತೆಗೆಯಲಿಲ್ಲ.

"ನಿಮ್ಮ ಕಾಕಾ ಇನ್ನೂ ಬದಕ್ಯಾನ, ಕಿಶೋರ್."

"ಕಾಕಾಗ ಏನ್ ಆಗತೈತಿ ಅದರಿಂದ?"

ಕಾಲೇಜಿನ ಪುಸ್ತಕ ಹಿಡಿದು ಕೂತಿದ್ದ ಮಗಳು ಸಮೀಕ್ಷಾ ಎದ್ದು ಬಂದಳು. ಇಲ್ಲಿಯೇ ಹುಟ್ಟಿ ಬೆಳೆದವಳು. ಸಿಟ್ಟು ಬಂದರೆ ಅವಳಿಗೆ ಕನ್ನಡ ಅರ್ಧಕ್ಕರ್ಧ ಕೈಕೊಡುತ್ತಿತ್ತು. "ಭೈಯಾ, ಪಾಗಲ್ ಹೋ ಕ್ಯಾ? ಪಪ್ಪಾ ಇಲ್ಲೇ ಕೂತಿದಾರೆ! ಪಪ್ಪಾನ ಮುಂದೆ ಮಮ್ಮಿ ವಿಡೋ ಆಗಬೇಕಾ?"

"ನೀ ನಡಕ ಬಾಯಿ ಹಾಕಬ್ಯಾಡ," ಎಂದು ಮಂಚದ ಮೇಲಿಂದ ರುಕ್ಮಿಣಿ ಗದರಿದಳು. "ನಿಮ್ಮಪ್ಪಗ ಹೆಂಡತಿ ಕೊಟ್ಟಾಕಿ ನಾನು. ನನ್ನ ಹಿರೀ ಮಗನ ಹೆಂಡತಿ ಅಕಿ. ಅಲ್ಲೇ ನೋಡು, ನಮ್ಮ ತಾರಾ ಮೂವತ್ತೇಳ ವರ್ಷ ಹೆಣಾ ಸಿಗದಾಂವನ ಹೆಸರಿಲೆ ಕುಂಕುಮ ಹಚ್ಚಾಕತ್ಯಾಳ. ಇಕಿಗೆ ಒಂದ್ ತಾಸ ನನ್ನ ಮಗನ ಹೆಸರಿಲೆ ಕುಂಕುಮ ಅಳಸಾಕ ಆಗಂಗಿಲ್ಲೇನು?"

ಪಾರ್ವತಿ ಗಂಡನ ಕಡೆ ತಿರುಗಿದಳು. ಬಾಲಚಂದ್ರ ಚಪ್ಪಲಿಯ ಕಿತ್ತ ಬಾರಿಗೆ ದಾರ ಹಾಕುತ್ತಿದ್ದ. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆಂದು ತಿಳಿದೂ ಗಂಟು ಹಾಕಿ ಮುಗಿಸಿದ.

"ಕಳದಿಡು," ಎಂದ. "ಒಂದ್ ತಾಸಿಂದಷ್ಟ ಮಾತು."

ಅತ್ತೆಯ ಮಾತು ಅವಳಿಗೆ ಹೊಸದಲ್ಲ. ಮಗನ ಮಾತೂ ನುಂಗಬಹುದಿತ್ತು. ಇದನ್ನು ನುಂಗಲಾಗಲಿಲ್ಲ. ಸೀದ ರೊಟ್ಟಿಯನ್ನು ಕೈಯಿಂದಲೇ ಎತ್ತಿ ಅವನ ಮುಂದೆ ಎಸೆದಳು.

"ತಾಳಿ ಕಟ್ಟಿದ ಕೈ ನಿಮ್ದ ಐತೋ, ಆ ಫೋಟೋದಾಗಿನವಂದ ಐತೋ? ನಾ ಬರಂಗಿಲ್ಲ. ಯಾರ ಬೇಕಾದವರು ಹೋಗಿ ನಿಂದರ್ರಿ."

ತಾಳಿ ಕಟ್ಟಿದ್ದು ಯಾರ ಕೈ ಎಂಬುದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ, ಯಾರೂ ಬಾಯಿ ಬಿಟ್ಟು ಆಡದ ಸಂಗತಿ. ಜನಾರ್ದನನ ಕೂಡ ಪಾರ್ವತಿ ಸಂಸಾರ ಮಾಡಿದ್ದು ಅವನ ಎರಡು ರಜೆ. ಟ್ರಂಕು ಬಂದಾಗ ಹತ್ತೊಂಬತ್ತರ ಗರ್ಭಿಣಿ. ಬಳೆ ಒಡೆದರು, ಕುಂಕುಮ ಅಳಿಸಿದರು. ಮಗು ನಡೆಯುವಂತಾದ ಮೇಲೆ ಹಿರಿಯರು ಕೂತು, ಮೊಮ್ಮಗ ಬೇರೆಯವರ ಮನೆ ಸೇರಬಾರದು, ಸರಕಾರದ ಪಿಂಚಣಿಯೂ ಮನೆ ಬಿಟ್ಟು ಹೋಗಬಾರದು ಎಂದು ಮಾತಾಡಿಕೊಂಡರು. ಮೈದುನನಿಗೆ ಕೊಟ್ಟು ಉಡಿಕೆ ಮಾಡಿದರು. ಅಂಥ ಲಗ್ನಕ್ಕೆ ವಾಲಗವಿಲ್ಲ, ಮುತ್ತೈದೆಯರು ಬರುವುದಿಲ್ಲ. ಕತ್ತಲಾದ ಮೇಲೆ ಒಂದು ಹೊಸ ಸೀರೆ ಉಡಿಸಿ ತಾಳಿ ಕಟ್ಟಿಸಿ ಕೋಣೆಗೆ ಕಳಿಸಿದರು. ಅಲ್ಲಿಯವರೆಗೆ ಅವಳನ್ನು ಅತ್ತಿಗೆಯೆಂದು 'ವೈನಿ' ಎನ್ನುತ್ತಿದ್ದ ಬಾಲಚಂದ್ರ ಆ ರಾತ್ರಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಅವನಿಗೂ ಸೈನ್ಯಕ್ಕೆ ಸೇರುವ ಆಸೆ ಇತ್ತು. ಉಳಿದವನೊಬ್ಬನೇ ಮಗ ಎಂದು ರುಕ್ಮಿಣಿ ಬಾವಿಯ ಕಟ್ಟೆ ಹತ್ತಿ ನಿಂತು ತಡೆದಿದ್ದಳು. ತಡೆದವಳೇ ಮುಂದೆ ಪ್ರತಿ ಜಗಳದಲ್ಲೂ, "ಹುಲಿ ಸತ್ತು ಇಲಿ ಉಳೀತು," ಎನ್ನುತ್ತಿದ್ದಳು. ಊರಲ್ಲಿ ಮುಖ ತೋರಿಸಲಾರದೆ ಅವನು ಗುಜರಾತಿನ ಎಣ್ಣೆ ಬಾವಿಗಳ ಕೆಲಸಕ್ಕೆ ಬಂದ. ಹಿಂದೆಯೇ ಸಂಸಾರವೂ ಬಂತು, ಫೋಟೋವೂ ಬಂತು.

ಆ ಸಂಜೆಯ ಮೇಲೆ ಮನೆಯಲ್ಲಿ ಒಲೆ ಎರಡಾಯಿತು. ರುಕ್ಮಿಣಿ ಸೊಸೆಯ ಕೈಯ ಅಡಿಗೆ ಮುಟ್ಟದೆ ಹಿತ್ತಲಲ್ಲಿ ಸೀಮೆಎಣ್ಣೆಯ ಸ್ಟೋವಿನ ಮೇಲೆ ಖಿಚಡಿ ಬೇಯಿಸಿಕೊಂಡಳು. ಖಿಚಡಿ ತಳ ಹಿಡಿದ ವಾಸನೆ ಮನೆ ತುಂಬುತ್ತಿತ್ತು. ಕಿಶೋರ್ ಹೊರಗೆ ತಿಂದು ಬರುತ್ತಿದ್ದ. ಬಾಲಚಂದ್ರ ಉಣ್ಣುತ್ತಿದ್ದ, ಆದರೆ ಹೆಂಡತಿ ನೀಡಲು ಬರುವ ಮೊದಲೇ ತಾನೇ ಹಾಕಿಕೊಂಡು ಉಂಡು ತಟ್ಟೆ ತೊಳೆದಿಡುತ್ತಿದ್ದ. ಸೊಸೈಟಿಯ ಹೆಂಗಸರು ನೀರಿನ ಟ್ಯಾಂಕರಿನ ಹತ್ತಿರ ಪಾರ್ವತಿ ಬಂದರೆ ಮಾತು ನಿಲ್ಲಿಸುತ್ತಿದ್ದರು. ರುಕ್ಮಿಣಿ ಮನೆಮನೆಗೂ ಹೋಗಿ ಸೊಸೆ ಶಹೀದನ ಹೆಸರಿಗೆ ಕಲ್ಲು ಹಾಕಿದಳೆಂದು ಹೇಳಿ ಬಂದಿದ್ದಳು.

ಕಾರ್ಯಕ್ರಮಕ್ಕೆ ನಾಲ್ಕೈದು ದಿನ ಇರುವಾಗ ಕಿಶೋರ್ ಕೊನೆಯ ಸಲ ಕೇಳಿದ. ಬೇಡಿಕೊಳ್ಳುತ್ತ ಶುರು ಮಾಡಿದ, ಕೂಗುತ್ತ ಮುಗಿಸಿದ.

"ಅಪ್ಪ ದೇಶಕ್ಕ ಜೀವಾ ಕೊಟ್ಟಾನ! ನಿನಗ ಒಂದ್ ಕುಂಕುಮ ಕೊಡಾಕ ಆಗವಲ್ದು!"

"ನಿಮ್ಮಪ್ಪ ನನಗೆಷ್ಟ ಗೊತ್ತು ಹೇಳಲಿ?" ಪಾರ್ವತಿ ಒಗೆದ ಬಟ್ಟೆ ಹಿಂಡುತ್ತಲೇ ಕೇಳಿದಳು. "ಊಟಕ್ಕ ಉಪ್ಪು ಜಾಸ್ತಿ ಬೇಕಾಗತಿತ್ತು. ನಿದ್ದಿಯೊಳಗ ಹಲ್ಲ ಕಡೀತಿದ್ದ. ಅಷ್ಟ. ಖರೇ ಹೇಳಬೇಕಂದ್ರ ಮಾರೀನೂ ನೆನಪಿಲ್ಲ. ನನಗ ನೆನಪಿರೂದು ಆ ಫೋಟೋ."

"ಹೆಂಗ ನೆನಪಿರತೈತಿ? ಎರಡ ವರ್ಷದಾಗ ಇನ್ನೊಬ್ಬನ ಹಾಸಿಗಿಗೆ ಹೋದಿ."

ಅವಳ ಒದ್ದೆ ಕೈ ಅವನ ಕೆನ್ನೆಯ ಮೇಲೆ ಬಿತ್ತು. ಇಪ್ಪತ್ತೇಳು ವರ್ಷದ ಮಗ. ಅವಳು ಅವನ ಮೇಲೆ ಕೈ ಮಾಡದೆ ಎಷ್ಟೋ ವರ್ಷವಾಗಿತ್ತು.

"ಹೊಡೀ!" ಹಿತ್ತಲಿಂದ ರುಕ್ಮಿಣಿ ಓಡಿ ಬಂದಳು. "ತಂದಿ ಇಲ್ಲದ ಕೂಸನ್ನ ಹೊಡೀ!"

"ತಂದಿ ಇಲ್ಲದ ಕೂಸಂತ!" ಪಾರ್ವತಿ ಬಾಲಚಂದ್ರನತ್ತ ಕೈ ತೋರಿಸಿದಳು. "ಇದಕ್ಕ ಟೈಫಾಯ್ಡ್ ಬಂದಾಗ ಯಾರು ಹೊತ್ಕೊಂಡು ಓಡಿದ್ರು? ಫೋಟೋ ಓಡಿ ಬಂತೇನು?"

ಕಿಶೋರ್ ಕೆನ್ನೆ ಹಿಡಿದುಕೊಂಡೇ ಹೊರಗೆ ಹೋದ. ಬಾಲಚಂದ್ರ ಬಾಗಿಲವರೆಗೆ ಎದ್ದು ಹೋಗಿ, ಏನೋ ಕರೆಯಬೇಕೆಂದು ಬಾಯಿ ತೆರೆದು, ಮತ್ತೆ ಬಂದು ಕೂತ.

ಕಾರ್ಯಕ್ರಮದ ಭಾನುವಾರ ಮಳೆ ಬಿಡುವು ಕೊಟ್ಟಿತ್ತು. ಸೊಸೈಟಿಯ ಖಾಲಿ ಪ್ಲಾಟಿನಲ್ಲಿ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಕಾಗದದ ಬಾವುಟ. ಮನೆಯಲ್ಲಿ ಕೂತರೂ ಲೌಡ್‌ಸ್ಪೀಕರ್ ಒಳಗೇ ಬರುತ್ತದೆ, ಬಾಗಿಲು ಹಾಕಿಕೊಂಡು ಕಳ್ಳಿಯ ಹಾಗೆ ಯಾಕೆ ಕೂಡಬೇಕೆಂದು ಪಾರ್ವತಿ ಹಸಿರು ಸೀರೆ ಉಟ್ಟು ಸಮೀಕ್ಷಾಳ ಜೊತೆ ಹೋಗಿ ನಡುವಿನ ಸಾಲಿನಲ್ಲಿ ಕೂತಳು. ಬಾಲಚಂದ್ರ ಹಿಂದೆ, ಕಂಬದ ಹತ್ತಿರ ಕೂತ.

ವೇದಿಕೆಯ ಮೇಲೆ ರುಕ್ಮಿಣಿ, ಕಿಶೋರ್. ಅವರ ಪಕ್ಕದಲ್ಲಿ ಕಲೋಲ್ ಕಡೆಯ ಹಳ್ಳಿಯ ಒಂದು ಹುಡುಗಿ. ಅವಳ ಗಂಡನ ಹೆಣ ಕಾರ್ಗಿಲ್‌ನಿಂದ ಬಂದು ಎರಡು ವಾರವೂ ಆಗಿರಲಿಲ್ಲ. ಬಿಳಿ ಸೀರೆಯ ಸೆರಗನ್ನು ಮೂಗಿನವರೆಗೂ ಎಳೆದಿದ್ದರು. ಒಂದು ಕಡೆ ಅತ್ತೆ, ಹಿಂದೆ ಮೀಸೆ ಚಿಗುರುತ್ತಿದ್ದ ಮೈದುನ. ಪಾರ್ವತಿಯ ಹಿಂದಿನ ಸಾಲಿನ ಹೆಂಗಸು ಇನ್ನೊಬ್ಬಳಿಗೆ ಗುಜರಾತಿಯಲ್ಲಿ ಹೇಳುತ್ತಿದ್ದಳು: "ಪಾಪ, ಹುಡುಗಿಗೆ ಇಪ್ಪತ್ತೂ ಇಲ್ಲ. ಆದರೆ ಚಿಂತೆಯಿಲ್ಲ, ಮೈದುನ ಇದ್ದಾನಲ್ಲ. ಮನೆಯದು ಮನೆಯಲ್ಲೇ ಉಳಿಯುತ್ತದೆ."

ಪಾರ್ವತಿ ಆ ಹುಡುಗನನ್ನು ನೋಡಿದಳು. ಅವನು ಎಲ್ಲಿ ಕೈ ಇಡಬೇಕೆಂದು ತಿಳಿಯದೆ ಕುರ್ಚಿಯ ಬೆನ್ನನ್ನು ಹಿಡಿದುಕೊಂಡಿದ್ದ.

ಮೈಕಿನ ಮುಂದಿದ್ದವನು ಜನಾರ್ದನನ ಕಥೆ ಶುರು ಮಾಡಿದ. ಬರ್ಮಾ ಬಂತು, ಚೀನಾ ಬಂತು, ಢಾಕಾ ಬಂತು. ಪ್ರತಿ ಹೆಸರಿಗೂ ಚಪ್ಪಾಳೆ. ಆಮೇಲೆ ಅವನು ದನಿ ತಗ್ಗಿಸಿದ.

"ಶಹೀದ್ ಜನಾರ್ದನ್‌ಜೀಯವರ ಧರ್ಮಪತ್ನಿ ಪತಿಯ ಅಗಲಿಕೆ ತಾಳಲಾರದೆ, ಹಸುಗೂಸನ್ನು ಅತ್ತೆಯ ಮಡಿಲಿಗೆ ಹಾಕಿ, ಸ್ವಲ್ಪ ದಿನದಲ್ಲೇ ಸ್ವರ್ಗವಾಸಿಯಾದರು. ಈ ವೃದ್ಧ ತಾಯಿಯೇ ಮೊಮ್ಮಗನನ್ನು ಸಾಕಿದರು."

"ಅರೇರೇ," ಎಂದು ಇಡೀ ಶಾಮಿಯಾನ ನಿಟ್ಟುಸಿರು ಬಿಟ್ಟಿತು. ಗೊತ್ತಿದ್ದ ನಾಲ್ಕೈದು ಮುಖಗಳು ಪಾರ್ವತಿಯ ಕಡೆ ತಿರುಗಿ, ತಕ್ಷಣ ವೇದಿಕೆಯತ್ತ ಮರಳಿದವು. ರುಕ್ಮಿಣಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕಿಶೋರ್ ತನ್ನ ಬೂಟಿನ ತುದಿ ನೋಡುತ್ತಿದ್ದ. ಪಾರ್ವತಿಗೆ ಮೊದಲು ಸಿಟ್ಟು ಬರಲಿಲ್ಲ. ನಿಜವಾಗಿಯೂ ತಾನು ಅಲ್ಲಿ ಇಲ್ಲವೇನೋ ಎನಿಸಿತು. ಸಮೀಕ್ಷಾ ಅವಳ ಮೊಣಕೈ ಗಟ್ಟಿಯಾಗಿ ಹಿಡಿದುಕೊಂಡಳು.

ಹಿಂದೆ ಕುರ್ಚಿ ಉರುಳಿದ ಸದ್ದಾಯಿತು.

"ಏಯ್! ಝೂಟ್ ಮತ್ ಬೋಲೋ!" ಬಾಲಚಂದ್ರ ನಿಂತಿದ್ದ. ಆ ದನಿ ಅವನದೆಂದು ಪಾರ್ವತಿಗೆ ಕೂಡಲೇ ತಿಳಿಯಲಿಲ್ಲ. ಅಷ್ಟು ದೊಡ್ಡದಾಗಿ ಅವನು ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ. "ಜಿಂದಾ ಹೈ! ಯಹಾಂ ಬೈಠೀ ಹೈ! ಮೇರಿ ಔರತ್ ಹೈ! ಬಚ್ಚೇ ಕೋ ಇಸ್ನೇ ಪಾಲಾ, ಮೈನೇ ಪಾಲಾ!" ಅವಳು ಬದುಕಿದ್ದಾಳೆ, ತನ್ನ ಹೆಂಡತಿ, ಮಗುವನ್ನು ಸಾಕಿದವರು ತಾವಿಬ್ಬರೇ ಎಂದು ಕೂಗಿದ.

ತಲೆಗಳೆಲ್ಲ ಹಿಂದಕ್ಕೆ ತಿರುಗಿದವು. ಆಮೇಲೆ ಯಾರೋ, "ಕುಡಿದಿದ್ದಾನೆ," ಎಂದರು. ಇನ್ನೊಬ್ಬ, "ಶಹೀದರಿಗೆ ಅಪಮಾನ," ಎಂದು ಕೂಗಿದ. ಇಬ್ಬರು ತರುಣರು ಬಂದು ಅವನ ತೋಳು ಹಿಡಿದು ಎಳೆದರು, ಅಂಗಿಯ ಗುಂಡಿ ಕಿತ್ತು ಹೋಯಿತು. ಹಸ್ಮುಖ್‌ಭಾಯಿ ಸನ್ನೆ ಮಾಡಿದ್ದೇ ತಡ, ಲೌಡ್‌ಸ್ಪೀಕರಿನಲ್ಲಿ ದೇಶಭಕ್ತಿಯ ಹಾಡು ಜೋರಾಗಿ ಹೊರಟಿತು.

ಪಾರ್ವತಿ ಎದ್ದು ಹೋಗಿ ಆ ತರುಣರ ಕೈ ಕಿತ್ತು ತೆಗೆದಳು. "ಛೋಡೋ. ಮೇರಾ ಆದ್ಮಿ ಹೈ." ತನ್ನ ಗಂಡ ಎಂದ ಮೇಲೆ ಅವರು ಬಿಟ್ಟರು.

ಹೊರಗೆ ಹೋಗುವ ದಾರಿ ಬಲಕ್ಕಿತ್ತು. ಅವಳು ಎಡಕ್ಕೆ ತಿರುಗಿ ವೇದಿಕೆಯ ಅಂಚಿಗೆ ಹೋದಳು. ಆ ಹುಡುಗಿ ಸೆರಗು ಸರಿಸಿ ಗದ್ದಲದತ್ತ ನೋಡುತ್ತಿದ್ದಳು. ಪಾರ್ವತಿ ತನ್ನ ಹರಕುಮುರುಕು ಗುಜರಾತಿಯಲ್ಲಿ, ಹಾಡಿನ ಮೇಲೆ ಕೇಳಿಸುವಂತೆ ಹೇಳಿದಳು: "ತಂಗೀ, ಅವಸರ ಮಾಡಬೇಡ. ನಿನ್ನನ್ನು ಕೇಳದೆ ಯಾರೂ ಏನೂ ಮಾಡದ ಹಾಗೆ ನೋಡಿಕೋ. ಆ ಹುಡುಗನನ್ನೂ ಕೇಳಲಿ."

"ನಡಿ, ನಡಿ!" ಎಂದು ಹುಡುಗಿಯ ಅತ್ತೆ ಕೈ ಬೀಸಿದಳು. ಹುಡುಗಿ ಪಾರ್ವತಿಯ ಹಸಿರು ಬಳೆಗಳನ್ನು ನೋಡಿದಳು. ಮುಖ ಗಂಟಿಕ್ಕಿಕೊಂಡು ಸೆರಗನ್ನು ಮತ್ತೆ ಮೂಗಿನವರೆಗೂ ಎಳೆದುಕೊಂಡಳು. ಮೈದುನ ಮಾತ್ರ ಕುರ್ಚಿ ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದಿದ್ದ.

ರುಕ್ಮಿಣಿ, ಕಿಶೋರ್ ಮನೆಗೆ ಬಂದಾಗ ದೀಪ ಹಚ್ಚಿಯಾಗಿತ್ತು. ಕಿಶೋರ್ ತನಗೆ ವೇದಿಕೆಯಲ್ಲಿ ಹೊದಿಸಿದ ಶಾಲನ್ನು ಮಂಚದ ಮೇಲೆ ಒಗೆದ.

"ಮಾನ ಕಳದ್ರಿ. ಎಲ್ಲಾರ ಮುಂದ ಮಾನ ಕಳದ್ರಿ."

"ನಿಮ್ಮವ್ವ ಸತ್ತಾಳಂತ ಯಾರ ಬರಸಿ ಕೊಟ್ರು?" ಬಾಲಚಂದ್ರ ಕೇಳಿದ.

"ನಾ ಹೇಳಿಲ್ಲ! ಅಕಿ ಬರಂಗಿಲ್ಲ ಅಂತ ಅಷ್ಟ ಹೇಳಿದ್ದೆ. ಅದನ್ನ ಅವರ ಸೇರಿಸಿದ್ರು."

"ಮೈಕಿನಾಗ ಕೇಳಿದ ಮ್ಯಾಲರೆ ಇಲ್ಲ ಅನ್ನಬೇಕಿತ್ತು," ಎಂದಳು ಪಾರ್ವತಿ. "ನಾ ಎದುರಿಗೇ ಕೂತಿದ್ದೆ, ಕಿಶೋರ್."

ಅವನು ಕುರ್ಚಿ ಹತ್ತಿ ಫೋಟೋ ಇಳಿಸಿದ, ಮಾಲೆ ಸಮೇತ ಟವೆಲಿನಲ್ಲಿ ಸುತ್ತಿದ, ಬಟ್ಟೆಯ ಚೀಲ ತುಂಬಿದ. ನರೋಡಾದಲ್ಲಿ ಗೆಳೆಯನ ಖೋಲಿ ಇದೆ ಎಂದು ಅಜ್ಜಿಗೆ ಮಾತ್ರ ಹೇಳಿದ. ಸಮೀಕ್ಷಾ ಸ್ಕೂಟರಿನ ತನಕ ಹಿಂದೆಯೇ ಹೋಗಿ, "ಭೈಯಾ, ಹೋಗಬೇಡ," ಎಂದಳು. ಅವನು ಹೋದ.

ರುಕ್ಮಿಣಿ ಬರಿದಾದ ಗೋಡೆಯನ್ನು ನೋಡಿದಳು. ಅಲ್ಲಿ ಸುಣ್ಣ ಇನ್ನೂ ಬೆಳ್ಳಗಿತ್ತು. ಆಮೇಲೆ ಮಗನ ಕಡೆ ತಿರುಗಿದಳು.

"ಅಂವ ಉಳದು ನೀ ಸಾಯಬೇಕಿತ್ತು."

ಸಮೀಕ್ಷಾ ಬಾಗಿಲಲ್ಲೇ ನಿಂತುಬಿಟ್ಟಳು. ಬಾಲಚಂದ್ರ ತಾಯಿಯ ಎದುರು ನೆಲದ ಮೇಲೆ ಕೂತ.

"ಹೌದವ್ವಾ. ನನಗೂ ಹಂಗ ಅನಸ್ತಿತ್ತು. ದಿನಾ ಅನಸ್ತಿತ್ತು. ಅದಕ್ಕ ಬಾಯಿ ತಗೀಲಿಲ್ಲ. ಇವತ್ತ ಇಕೀನ್ನ ಸಾಯಿಸಿದ್ರಲ್ಲ, ಆವಾಗ ಗೊತ್ತಾತು. ಅಣ್ಣನ ಜೋಡಿ ಎಷ್ಟ ಮಂದೀನ್ನ ಸಾಯಿಸಾಕತ್ತೀವಿ ನಾವು? ಸಾಕು."

"ನನ್ನ ಹೊಟ್ಟಿ ಸುಟ್ಟದ್ದು ನಿನಗ ಗೊತ್ತಿಲ್ಲ."

"ಗೊತ್ತೈತಿ. ಆ ಬೆಂಕಿಯೊಳಗ ನಾವೂ ಅದೀವಿ."

ಮುದುಕಿ ಗೋಡೆಗೆ ಮುಖ ಮಾಡಿ ಮಲಗಿದಳು. ಆಮೇಲೆ ಸಮೀಕ್ಷಾ ತಟ್ಟೆ ಒಯ್ದಿಟ್ಟಳು. ಅದು ಮುಚ್ಚಿದ್ದು ಮುಚ್ಚಿದ ಹಾಗೆಯೇ ಇತ್ತು.

ಅಡಿಗೆಮನೆಯಲ್ಲಿ ಪಾರ್ವತಿ ರೊಟ್ಟಿ ಬಡಿದಳು. ಬಾಲಚಂದ್ರ ಆ ದಿನ ತಾನೇ ಹಾಕಿಕೊಳ್ಳಲಿಲ್ಲ. ಗುಂಡಿ ಕಿತ್ತ ಅಂಗಿಯಲ್ಲೇ ಬಂದು ತಟ್ಟೆ ಇಟ್ಟುಕೊಂಡು ಕೂತ. ಅವಳು ಬದನೆಕಾಯಿ ಪಲ್ಯ ಬಡಿಸಿ, ಒಲೆಯ ಕಡೆ ನೋಡುತ್ತಲೇ ಕೇಳಿದಳು.

"ಅವತ್ತ, ಊರಾಗ, ಉಡಿಕಿ ಮಾಡೂ ಮುಂದ, ನಿಮ್ಮನ್ನ ಯಾರರೆ ಕೇಳಿದ್ರೇನು?"

"ಇಲ್ಲ."

"ಕೇಳಿದ್ರ ಏನಂತಿದ್ರಿ?"

ಅವನು ತುತ್ತು ಮುರಿದು ಕೈಯಲ್ಲೇ ಹಿಡಿದುಕೊಂಡ. ಸುಳ್ಳು ಹೇಳಿದ್ದರೆ ಆ ಹೊತ್ತಿಗೆ ನಡೆದುಹೋಗುತ್ತಿತ್ತು.

"ಒಲ್ಲೆ ಅಂತಿದ್ದೆ," ಎಂದ.

ಪಾರ್ವತಿ ತವೆಯ ಮೇಲಿನ ರೊಟ್ಟಿಗೆ ನೀರು ಸವರಿ ಮಗುಚಿದಳು. ಅದು ಉಬ್ಬಿತು.

"ನಾನೂ ಒಲ್ಲೆ ಅಂತಿದ್ದೆ."

ಅವನು ತಲೆಯಾಡಿಸಿದ. ಆ ಮಾತು ಅವನಿಗೆ ನೋವು ಕೊಟ್ಟಂತೆ ಕಾಣಲಿಲ್ಲ. ಕೈಯಲ್ಲಿದ್ದ ತುತ್ತನ್ನು ಬಾಯಿಗಿಟ್ಟು ನಿಧಾನವಾಗಿ ಅಗಿದು ನುಂಗಿ, ಇನ್ನೊಂದು ರೊಟ್ಟಿಗೆ ತಟ್ಟೆ ಮುಂದೆ ಮಾಡಿದ. ಅವಳು ಬಿಸಿಯದನ್ನು ಹಾಕಿ, ತನ್ನ ತಟ್ಟೆಯನ್ನೂ ಎಳೆದುಕೊಂಡು ಅವನೆದುರು ಉಣ್ಣಲು ಕೂತಳು.